ನೀನಂದಿದ್ದು ಯಾವ ಚಾಲು ಬಾವಾ?

ಲೇ ಬಾವಾ,

ನೀನು ಹಾಸಿಗೆ ಹಿಡಿದ ಮೇಲೆ ದಾರದ ಆ ತುದಿಗೆ ಒಂದು ಮೊಳೆ ಹೊಡ್ಕೊಂಡೆ ಕಣೋ. ದಿಮ್ಮಿಯ ಆ ಕಡೆ ನೀನು ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಲ್ಲಿ ಒತ್ತಿ ಹಿಡೀತಿದ್ದೆಯಲ್ಲ, ಅದೇ ಜಾಗಕ್ಕೆ. ಕೆಮ್ಮಣ್ಣ ಜಾಜಿನ ನೀರಲ್ಲಿ ಅದ್ದಿದ ದಾರ ಈ ಕಡೆಯಿಂದ ಬಿಗಿ ಮಾಡ್ತೀನಿ, ಕೈಗೆ ಎಟುಕಿದಷ್ಟು ದೂರದಲ್ಲಿ ಎತ್ತಿ ಬಿಡ್ತೀನಿ, ಟಪ್ ಅಂತ ಮರದ ಮೇಲೆ ಕೆಂಪು ಗೆರೆ ಬೀಳುತ್ತೆ. ನೆಟ್ಟಗೇ ಬೀಳುತ್ತೆ, ಸುಳ್ಳು ಯಾಕೆ ಹೇಳ್ಲಿ. ಮೊಳೆ ನಿನ್ನಂಗೆ ಬೀಡಿ ಹಚ್ಚಕ್ಕೆ ಕೈ ಬಿಡಲ್ಲ, ನೊಣ ಓಡಿಸಕ್ಕೆ ಅಲ್ಲಾಡಲ್ಲ. ಆದ್ರೆ ಗೆರೆ ಬಿದ್ದ ಮೇಲೆ ತಲೆ ಎತ್ತಿ ನೋಡಿದ್ರೆ ಆ ಕಡೆ ಯಾರೂ ಇರಲ್ಲ. ಮೊಳೆ ಏನು ಮಾತಾಡುತ್ತೆ ಹೇಳು?

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಪೆನ್ಸಿಲ್ ಹಿಡಿಯೋದು ಹಲಗೆ ಮೇಲೆ ಇಂಚು ಬರೆಯಕ್ಕೆ ಅಷ್ಟೇ. ಆದ್ರೆ ಒಂದು ಮಾತು ಗಂಟಲಲ್ಲಿ ಸಿಕ್ಕೊಂಡು ಕೂತಿತ್ತು, ಅದನ್ನ ಕೇಳಬೇಕಾಗಿದ್ದು ನಿನ್ನನ್ನೇ. ಕೊನೇಲಿ ನಿನ್ನ ಬಾಯಲ್ಲಿ ಒಂದೇ ಮಾತು ಉಳ್ಕೊಂಡಿತ್ತಲ್ಲ, 'ಚಾಲು' ಅಂತ. ಅದು ಯಾವ ಚಾಲು ಬಾವಾ? ನಿಮ್ಮ ತೆಲುಗಿನ ಚಾಲೋ, ನಮ್ಮ ಕನ್ನಡದ ಚಾಲೋ? ಸಾಕು ಅಂದೆಯೋ, ಶುರು ಮಾಡು ಅಂದೆಯೋ? ಇದು ಗೊತ್ತಾಗದೆ ನನಗೆ ಮಿಷಿನ್ ಮುಟ್ಟಕ್ಕೇ ಕೈ ಬರದಂಗಾಗಿತ್ತು.

ಮೊದಲನೇ ದಿನ ನೆನಪಿದೆಯಾ? ಮಾಲೂರಿನ ಸಾಮಿಲ್ಲಲ್ಲಿ ದಿಮ್ಮಿ ತಳ್ಳಿ ತಳ್ಳಿ ಬೇಸತ್ತು, ಚೈನ್ ಗರಗಸದ ಮಿಷಿನ್ ಒಂದನ್ನ ಹೆಗಲಿಗೆ ಹಾಕ್ಕೊಂಡು ನಾನು ರಾಯಲ್ಪಾಡಿಗೆ ಬಂದಿದ್ದೆ. ಲಾರಿ ಹೋಗದ ಮಾವಿನ ತೋಪುಗಳಲ್ಲಿ ಬಿದ್ದ ಮರ ಬಿದ್ದಲ್ಲೇ ಹಲಗೆ ಮಾಡಿಕೊಡ್ತೀನಿ ಅಂತ. ತೋಪಿನ ಯಜಮಾನರು ಸಹಾಯಕ್ಕೆ ನಿನ್ನ ಕಳಿಸಿದ್ರು. ಬಂದವನೇ ನನ್ನ ಮೇಲಿಂದ ಕೆಳಗೆ ನೋಡಿ, 'ಏಂ ಬಾವಾ, ಬರೀ ಕೈಯಲ್ಲೇ ಹಲಗೆ ಕೊಯ್ತೀಯಂತೆ?' ಅಂದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ಯಾವ ಸೀಮೆ ಬಾವಾನೋ ನಾನು ನಿನಗೆ? ನಿಮ್ಮಕ್ಕನ್ನ ಕಟ್ಕೊಂಡಿದ್ದೀನಾ?' ಅಂದಿದ್ದಕ್ಕೆ, 'ಅಕ್ಕ ಇಲ್ಲ ಬಾವಾ, ಇದ್ದಿದ್ರೆ ಕೊಡ್ತಿದ್ದೆ' ಅಂತ ಹಲ್ಲು ಕಿಸಿದೆ. ನಮ್ಮ ಮಾಸ್ತಿ ಕಡೆ ಗುರುತಿಲ್ಲದೋರನ್ನ ಹಂಗೆ ಕರೆದ್ರೆ ಜಗಳಾನೇ ಆಗೋಗುತ್ತೆ. ಸಾಯಂಕಾಲದ ಹೊತ್ತಿಗೆ ನಾನೂ ನಿನ್ನ ಬಾವಾ ಅಂತಿದ್ದೆ.

ಅವತ್ತೇ ಅಲ್ವಾ ಆ ಅನಾಹುತ ಆಗಿದ್ದು. ಹಳೇ ಬಾದಾಮಿ ಮಾವಿನ ದಿಮ್ಮಿ. ಕೆಳಗೆ ಅಡ್ಡಕ್ಕೆ ಎರಡು ಕೊಂಬೆ ಕೊಟ್ಟು, ಉರುಳದಂಗೆ ಬೆಣೆ ಹೊಡೆದು, ದಾರ ಹೊಡೆದು, ನಾನು ಗೆರೆ ಮೇಲೆ ಮಿಷಿನ್ ಇಟ್ಟೆ. ಮೊದಲು ಮೇಲೆ ಮೇಲೆ ಒಂದು ಗೀರು, ಆಮೇಲೆ ಅದೇ ಗೀರಲ್ಲಿ ಆಳಕ್ಕೆ ಇಳಿಸ್ತಾ ಹಿಂದಕ್ಕೆ ಹೆಜ್ಜೆ. ಸಾಮಿಲ್ಲಲ್ಲಾದ್ರೆ ದಿಮ್ಮಿ ಹಳಿ ಮೇಲೆ ಬರುತ್ತೆ, ನೆಟ್ಟಗೆ ಕೊಯ್ಯುತ್ತೆ. ಇಲ್ಲಿ ಹಳಿ ಇಲ್ಲ, ಮೇಜಿಲ್ಲ. ನನ್ನ ಕೈ, ಆ ಕಡೆ ನಿಂತು ಒಂದು ಕಣ್ಣು ಮುಚ್ಚಿ ನೋಡ್ತಿರೋ ನೀನು. ಕೊಯ್ತ ದಿಮ್ಮಿಯ ಅಡಿಗೆ ಬಂತು. ಇನ್ನು ನಿಲ್ಲಿಸದಿದ್ರೆ ಚೈನು ಅಡ್ಡಗೊಂಬೆಗೆ ಹತ್ತುತ್ತೆ ಅಂತ ನಿನಗೆ ಕಾಣಿಸ್ತಿತ್ತು, ನನಗೆ ಕಾಣಿಸ್ತಿರಲಿಲ್ಲ. ನೀನು ಕೈ ಎತ್ತಿ 'ಚಾಲು! ಚಾಲು!' ಅಂತ ಬಡ್ಕೊಂಡೆ.

ಶಾಲೇಲಿ ಕನ್ನಡ ಓದಿದೋನೇ ನೀನು, ನನ್ನ ಜೊತೆ ಕನ್ನಡಾನೇ ಆಡ್ತಿದ್ದೆ. ಆದ್ರೆ ಬೆಚ್ಚಿಬಿದ್ದಾಗ ಬಾಯಿಗೆ ಬರೋದು ಮನೆ ಮಾತೇ ತಾನೆ? ನೀನಂದಿದ್ದು 'ಸಾಕು, ಸಾಕು' ಅಂತ. ನನಗೆ ಕೇಳಿಸಿದ್ದು 'ನಡೀಲಿ, ನಡೀಲಿ' ಅಂತ. ಪರವಾಗಿಲ್ವೇ, ಹುಮ್ಮಸ್ಸು ಇರೋ ಆಳು ಸಿಕ್ಕಿದ ಅಂದ್ಕೊಂಡು ಇನ್ನೊಂದಿಷ್ಟು ಅದುಮಿದೆ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಅಡ್ಡಗೊಂಬೆ ಕತ್ತರಿಸ್ತು, ಚೈನು ಮಣ್ಣು ತಿಂತು, ಅರ್ಧ ದಿಮ್ಮಿ ಜಾರ್ಕೊಂಡು ಹೋಗಿ ನಿನ್ನ ಟಿಫಿನ್ ಕ್ಯಾರಿಯರ್ ಮೇಲೆ ಕೂತ್ಕೊಂತು. ಮುದ್ದೆ, ಬಸ್ಸಾರು, ಕ್ಯಾರಿಯರ್ ಎಲ್ಲಾ ಒಂದೇ ರೊಟ್ಟಿ. 'ಚಾಲು ಅಂದ್ರೆ ಇನ್ನೂ ಕೊಯ್ತೀಯಲ್ಲೋ ದುರ್ಮಾರ್ಗ!' ಅಂತ ನೀನು, 'ನೀನೇ ತಾನೆ ಚಾಲು ಅಂದಿದ್ದು!' ಅಂತ ನಾನು. ಅರ್ಥ ಆಗೋ ಹೊತ್ತಿಗೆ ಇಬ್ಬರೂ ನೆಲಕ್ಕೆ ಕೂತು ನಗ್ತಿದ್ವಿ. ನಿನಗೆ ಕಣ್ಣಲ್ಲಿ ನೀರು ಬಂದಿತ್ತು. ನಕ್ಕಿದ್ದಕ್ಕೋ ಮುದ್ದೆ ಹೋಗಿದ್ದಕ್ಕೋ, ನಾನು ಕೇಳಲಿಲ್ಲ.

ನನ್ನ ಬುತ್ತೀನ ಇಬ್ಬರೂ ಹಂಚ್ಕೊಂಡು ತಿಂದಾಗ ಕಾನೂನು ಮಾಡಿದ್ದು ನೀನೇ. 'ನೋಡು ಬಾವಾ, ಇನ್ಮೇಲೆ ಮಿಷಿನ್ ಮುಂದೆ ಕನ್ನಡ, ಮುದ್ದೆ ಮುಂದೆ ತೆಲುಗು.' ಅಂದ್ರೆ ಮಿಷಿನ್ ಹತ್ರ ನಿಂತು ಚಾಲು ಅಂದ್ರೆ ಹಗ್ಗ ಎಳೆದು ಶುರು ಮಾಡು ಅಂತ. ಊಟಕ್ಕೆ ಕೂತು ಚಾಲು ಅಂದ್ರೆ ಸಾಕು, ಬಡಿಸಬೇಡ ಅಂತ. ನಿಲ್ಲಿಸಕ್ಕೆ ಮಾತೇ ಬೇಡ, ಅಂಗೈ ತೋರಿಸಿದ್ರೆ ಆಯ್ತು. ಆಮೇಲೆ ಒಂದು ದಿನಾನೂ ನಮಗೆ ಆ ಮಾತು ತಪ್ಪಲಿಲ್ಲ. ಟೀ ಅಂಗಡಿಯೋರು ಕ್ಯಾರಿಯರ್ ಕತೆ ಕೇಳಿ ಚಲಪತಿ ಅನ್ನೋ ನಿನ್ನ ಹೆಸರನ್ನ ಚಾಲುಪತಿ ಮಾಡಿಟ್ರು. ನೀನು ಅದನ್ನೂ ಬಿರುದು ಬಂದಂಗೆ ಹೇಳ್ಕೊಂಡು ತಿರುಗ್ತಿದ್ದೆ.

ಇನ್ನೊಂದು ನೆನಪಾಗಿ ಈಗಲೂ ನಗು ಬರುತ್ತೆ. ಮಿಷಿನ್ ಓಡ್ತಿರುವಾಗ ಆ ಕಡೆ ನಿಂತ ನಿನ್ನ ತುಟಿ ಆಡ್ತಾನೇ ಇರ್ತಿತ್ತು. ಆ ಗದ್ದಲದಲ್ಲಿ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳಲ್ಲ ಅಂತ ನಿನಗೂ ಗೊತ್ತು. ಆದ್ರೂ ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಏನೋ ಹೇಳ್ತಾನೇ ಇರ್ತಿದ್ದೆ. ಗೀರಿಗೆ ಬೆಣೆ ಸಿಕ್ಕಿಸ್ತಾ, ಕೊಯ್ತಕ್ಕೆ ಉದುರಿದ ಮರದ ಎಳೆ ಗುಡಿಸ್ತಾ, ಕತ್ತು ಆಡಿಸ್ತಾ. ಮಿಷಿನ್ ಆರಿಸಿ 'ಏನ್ಲಾ ಅಂತಿದ್ದೆ?' ಅಂತ ಕೇಳಿದ್ರೆ ಒಂದೇ ಉತ್ತರ: 'ನಿನ್ನೇ ಬೈತಿದ್ದೆ, ಬಿಡು ಬಾವಾ.' ನಿಜವಾಗ್ಲೂ ಏನು ಹೇಳ್ತಿದ್ದೆ ನೀನು? ಅಷ್ಟು ವರ್ಷ ಬೈಯಕ್ಕೆ ನನ್ನಲ್ಲಿ ಅಷ್ಟೊಂದು ಏನಿತ್ತೋ...

ಆ ಹಲಸಿನ ದಿಮ್ಮಿ ತಂದ ದಿನ ನಿನ್ನ ಜಂಬ ನೋಡಬೇಕಿತ್ತು. ದೇವರಾಯಸಮುದ್ರದ ಕೆರೆ ಪಕ್ಕದ ಹೊಲದಲ್ಲಿ ಗಾಳಿಗೆ ಬಿದ್ದ ಮರ. ಅಷ್ಟು ದಪ್ಪದ ಹಲಸು ನಾನೂ ನೋಡಿರಲಿಲ್ಲ. ಟ್ರಾಕ್ಟರಿಗೆ ಹೇರ್ಕೊಂಡು ಬಂದು ನಿಮ್ಮ ಮನೆ ಮುಂದೆ ಎರಡು ಕಲ್ಲುಚಪ್ಪಡಿ ಮೇಲೆ ಮಲಗಿಸಿದ್ವಿ. 'ಇದು ಬಾಗಿಲಿಗೆ. ಯಾರು ಕೇಳಿದ್ರೂ ಕೊಡಲ್ಲ' ಅಂದೆ. ಬಾಗಿಲು ಅಂದ್ರೆ ನಿಮ್ಮ ಮನೇದೇ. ಸುತ್ತಮುತ್ತ ಎಷ್ಟೋ ಮನೆಗೆ ನಾವು ಕೊಯ್ದ ಹಲಗೆ ಬಾಗಿಲಾಗಿತ್ತು, ನಿಮ್ಮನೇಗೆ ಮಾತ್ರ ತಗಡಿನ ಬಾಗಿಲು. ಬಂದವರು ತಟ್ಟೋದೇ ಬೇಡ, ಮುಟ್ಟಿದ್ರೆ ಬೀದಿಗೆಲ್ಲ ಕೇಳೋದು. 'ಊರಿಗೆ ಉಪಕಾರಿ, ಮನೆಗೆ ಮಾರಿ' ಅಂತ ನಿನ್ನ ಹೆಂಡತಿ ರತ್ನಮ್ಮ ಯಾವಾಗಲೂ ಅಂತಾನೇ ಇದ್ಲು. ಅವತ್ತು ಮಾತ್ರ ಸುಮ್ನೆ ಬಂದು ದಿಮ್ಮಿಯ ಎರಡೂ ತುದಿಗೆ ಸಗಣಿ ಮೆತ್ತಿದ್ಲು, ಬಿಸಿಲಿಗೆ ಸೀಳದಿರಲಿ ಅಂತ.

'ಮೊದಲು ಇದನ್ನ ಕೊಯ್ದು ಮುಗಿಸೋಣ ಬಾವಾ' ಅಂದ್ರೆ ನೀನು ಕೇಳಿದ್ರೆ ತಾನೆ. 'ಹಸಿದು ಹಲಸು, ಉಂಡು ಮಾವು ಅಂತಾರೆ. ನಮಗೆ ಉಲ್ಟಾ. ಮಾವು ಕೊಯ್ದು ಮುಗಿಸೋಣ, ಹಲಸು ಎಲ್ಲಿಗೆ ಓಡೋಗುತ್ತೆ?' ಅಂದೆ. ಹಲಸು ಓಡೋಗಲಿಲ್ಲ ಕಣೋ.

ಆ ಬೆಳಿಗ್ಗೆ ಹುಣಸೆ ದಿಮ್ಮಿ ಮೇಲೆ ದಾರ ಹೊಡೀತಿದ್ವಿ. ನಾನು ಬಿಗಿ ಮಾಡಿದೆ, ಎತ್ತಿ ಬಿಡಬೇಕು, ಅಷ್ಟರಲ್ಲಿ ಆ ಕಡೆಯಿಂದ ದಾರ ಸಡಿಲ ಆಯ್ತು. ಬೀಡಿಗೆ ಕೈ ಹೋಯ್ತು ಇವನದು ಅಂತ 'ಲೇ, ನೆಟ್ಟಗೆ ಹಿಡ್ಕೊಳೋ!' ಅಂತ ಗದರಿದೆ. ತಲೆ ಎತ್ತಿದ್ರೆ ನೀನು ದಿಮ್ಮಿಗೆ ಒರಗಿ ಕೂತಿದ್ದೆ, ಬಾಯಿ ಒಂದು ಕಡೆಗೆ ಎಳೆದಿತ್ತು. ಜಾಜಿನ ದಾರ ಹಾವಿನಂಗೆ ಸೊಟ್ಟಗೆ ಬಿದ್ದಿತ್ತು ಮರದ ಮೇಲೆ. ಆ ಗೆರೆ ಈಗಲೂ ಇರಬೇಕು, ಆ ಕಡೆ ನಾನು ಹೋಗಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಲಕ್ವ ಅಂದ್ರು. ಬಲಗೈ ಹೋಯ್ತು, ಬಲಗಾಲು ಹೋಯ್ತು, ಮಾತೂ ಹೋಯ್ತು. ಅಷ್ಟು ಮಾತಾಡ್ತಿದ್ದ ಬಾಯಲ್ಲಿ ಒಂದೇ ಒಂದು ಮಾತು ಉಳ್ಕೊಂತು. ನರ್ಸಮ್ಮ ಗಂಜಿ ಕುಡಿಸಕ್ಕೆ ಬಂದ್ರೆ 'ಚಾಲು'. ಕುಡಿಸಿ ಹೋದ ಮೇಲೂ 'ಚಾಲು'. ನಾನು ಹೋಗಿ ಪಕ್ಕದಲ್ಲಿ ಕೂತ್ರೆ ನನ್ನ ಮುಖಾನೇ ನೋಡ್ತಾ 'ಚಾಲು, ಚಾಲು'. ಯಾವುದು ಅಂತ ನನಗೆ ಹೆಂಗೆ ಗೊತ್ತಾಗಬೇಕು? ಅಲ್ಲಿ ಮಿಷಿನ್ನೂ ಇರಲಿಲ್ಲ, ಮುದ್ದೇನೂ ಇರಲಿಲ್ಲ. ನಿನ್ನ ಕಾನೂನು ಆಸ್ಪತ್ರೆಗೆ ಏನೂ ಹೇಳಿರಲಿಲ್ಲ.

ಇನ್ನು ಮನೇಲಿ ನೋಡ್ಕೊಂಡ್ರೂ ಆಗುತ್ತೆ, ಇಲ್ಲಿ ಇಟ್ಕೊಂಡ್ರೂ ಆಗುತ್ತೆ ಅಂತ ಡಾಕ್ಟರು ಅಂದಾಗ ರತ್ನಮ್ಮ ಹಿಂದೆಮುಂದೆ ನೋಡಲಿಲ್ಲ. 'ಚಾಲು ಅಂತಿದಾರೆ ಸಾರ್, ಮನೆಗೆ ಕರ್ಕೊಂಡೋಗ್ತೀನಿ' ಅಂದ್ಲು. ಡಾಕ್ಟರಿಗೂ ತೆಲುಗು ಬರ್ತಿತ್ತು, ತಲೆ ಆಡಿಸಿದ್ರು. ನಾನು ಬಾಗಿಲ ಹತ್ರ ನಿಂತಿದ್ದೆ. ಅವಳು ಸಾಕು ಅಂತ ತಿಳ್ಕೊಂಡಿದ್ದಾಳೆ, ನೀನು ಶುರು ಮಾಡು ಅಂತಿದ್ರೆ? ಏಳ್ತೀನಿ, ನಡೀತೀನಿ, ಮಿಷಿನ್ ತಗೊಂಡು ಬಾ ಅಂತಿದ್ರೆ? ಹೇಳೋಣ ಅಂತ ಬಾಯಿ ತೆಗೆದೆ. ಅವಳ ಮುಖ ನೋಡಿ ಮುಚ್ಕೊಂಡೆ. ಆ ಮಾತು ಆಡಿದ್ರೆ ಅವಳ ಎದೆ ಮೇಲೆ ಮಿಷಿನ್ ಇಟ್ಟಂಗೆ ಆಗ್ತಿತ್ತು.

ನೀನು ಮನೆಗೆ ಬಂದ ದಿನ ಸಾಯಂಕಾಲ ನಾನು ನಿನ್ನ ಹತ್ರ ಕೂರಲಿಲ್ಲ. ಪಕ್ಕದ ತೋಪಿನೋರ ಮನೆ ಸೆಂಟ್ರಿಂಗಿಗೆ ಹಲಗೆ ಬೇಕಾಗಿತ್ತು, ನಾಳೆಗೆ ಬೇಕೇ ಬೇಕು ಅಂತ ಕೂತಿದ್ರು. ಬೇಗ ಮುಗಿಸಿ ಬರೋಣ ಅಂತ ಹೋದೆ. ಮೊದಲನೇ ಸಲ ಒಬ್ಬನೇ ಕೊಯ್ದಿದ್ದು ಅವತ್ತೇ. ಮೊಳೆ ಹೊಡೆದಿದ್ದೂ ಅವತ್ತೇ. ಕತ್ತಲಾಗೋವರೆಗೂ ಕೊಯ್ದೆ, ಸುಸ್ತಾಗಿ ನನ್ನ ಬಾಡಿಗೆ ರೂಮಿಗೆ ಹೋಗಿ ಬಿದ್ಕೊಂಡೆ. ಬೆಳಿಗ್ಗೆ ಬಂದ್ರೆ ನಿಮ್ಮನೆ ಮುಂದೆ ಜನ ನಿಂತಿದ್ರು, ತಗಡಿನ ಬಾಗಿಲು ತೆಗೆದೇ ಇತ್ತು.

ಹನ್ನೊಂದನೇ ದಿನದ ಊಟದಲ್ಲಿ ಎಲ್ಲರೂ ಅದನ್ನೇ ಆಡ್ಕೊತಿದ್ರು. 'ಪುಣ್ಯಾತ್ಮ, ಚಾಲು ಅಂತ ತಾನೇ ಹೇಳಿ ಹೊರಟ. ಎಷ್ಟು ಜನಕ್ಕೆ ಬರುತ್ತೆ ಅಂಥ ತೃಪ್ತಿ?' ಅಂತ. ಬಡಿಸೋರು ಪಾಯಸ ತಂದ್ರು. ಸಾಲಲ್ಲಿ ಕೂತೋರೆಲ್ಲ ಎಲೆ ಮೇಲೆ ಕೈ ಅಡ್ಡ ಇಟ್ಟು, 'ಚಾಲು, ಚಾಲು', 'ಚಾಲಪ್ಪಾ', 'ಚಾಲು ಚಾಲು' ಅನ್ನೋರೇ. ನನಗೆ ತಡೆಯಕ್ಕಾಗಲಿಲ್ಲ ಕಣೋ. ಎಲೆ ಬಿಟ್ಟು ಎದ್ದು ಬಂದುಬಿಟ್ಟೆ. ಉಣ್ಣೋ ಎಲೆ ಬಿಟ್ಟು ಎದ್ದನಲ್ಲ ಅಂತ ನಿಮ್ಮ ಕಡೆಯೋರು ಬೇಜಾರು ಮಾಡ್ಕೊಂಡ್ರಂತೆ. ಏನು ಅಂತ ಹೇಳ್ಲಿ ಅವರಿಗೆ? ಆ ಮಾತಿಗೆ ನಮ್ಮ ಕಾನೂನಲ್ಲಿ ಇನ್ನೊಂದು ಮುಖ ಐತೆ, ಆ ಕಾನೂನು ಗೊತ್ತಿದ್ದೋರು ಇಬ್ಬರೇ, ಅದರಲ್ಲಿ ಒಬ್ಬ ಫೋಟೋದಲ್ಲಿ ಹಾರ ಹಾಕ್ಕೊಂಡು ಕೂತವ್ನೆ ಅಂತಲಾ?

ಆಮೇಲೆ ಸ್ವಲ್ಪ ದಿನ ಮೊಳೆ ಜೊತೆ ಕೆಲಸ ಮಾಡಿ ನೋಡಿದೆ. ಆಗಲಿಲ್ಲ. ಕೊಯ್ತ ಸೊಟ್ಟ ಬರ್ತಿರಲಿಲ್ಲ, ಅದಲ್ಲ. ಮಿಷಿನ್ ಓಡ್ತಿರುವಾಗ ಎದುರಿಗೆ ನೋಡ್ತೀನಿ, ತುಟಿ ಆಡಿಸೋರು ಯಾರೂ ಇಲ್ಲ. ಬರೀ ಗದ್ದಲ. ಅಷ್ಟು ಗದ್ದಲದಲ್ಲಿ ಅಷ್ಟು ಒಂಟಿ ಅನ್ಸುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಗ್ಗ ಎಳೆಯಕ್ಕೆ ಹೋದಾಗೆಲ್ಲ ನೀನು ಆಸ್ಪತ್ರೆ ಮಂಚದ ಮೇಲಿಂದ ನೋಡ್ತಿದ್ದ ನೋಟ ಕಣ್ಣಿಗೆ ಕಟ್ಟೋದು. ಸಾಕು ಅಂದೆಯಾ, ಈ ಕೆಲಸಾನೇ ಸಾಕು ಬಿಡು ಬಾವಾ ಅಂತಾ? ಇಲ್ಲ ಎಳೀ ಎಳೀ ಅಂದೆಯಾ, ನಾನೇ ಎಳೀಲಿಲ್ವಾ? ಒಂದು ದಿನ ಮಿಷಿನ್ನಿಗೆ ಗೋಣಿಚೀಲ ಸುತ್ತಿ, ಬಸ್ಸು ಹತ್ತಿ ಮಾಸ್ತಿಗೆ ಹೋಗಿಬಿಟ್ಟೆ.

ಮನೇಲಿ ಜಯಮ್ಮ ಒಳ್ಳೇದೇ ಆಯ್ತು ಅಂದ್ಲು. ಹಸು ನೋಡ್ಕೊ, ಹಾಲು ಡೈರಿಗೆ ಹಾಕಿ ಬಾ, ಕಟ್ಕೊಂಡೋಳ ಕೈ ಅಡುಗೆ ಉಣ್ಣು ಅಂತ. ಮಾಡಿದೆ. ಹಾಲು ಹಾಕೋ ಜಾಗದಲ್ಲಿ ನಮ್ಮೂರೋರು ಎಷ್ಟು ಮಾತಾಡ್ತಾರೆ ಗೊತ್ತಾ? ನನಗೆ ಒಂದೂ ಕಿವಿಗೆ ಹೋಗ್ತಿರಲಿಲ್ಲ. ಒಂದು ದಿನ ಮುದ್ದೆಗೆ ಸಾರು ಬಿಡೋಳಿಗೆ 'ಚಾಲು' ಅಂದೆ. ಜಯಮ್ಮ ಸೌಟು ಹಿಡ್ಕೊಂಡು, 'ಏನು ಚಾಲು ಮಾಡಬೇಕು?' ಅಂತ ಕೇಳಿದ್ಲು. ನಗಬೇಕಿತ್ತು ನಾನು. ಎದ್ದು ಹೋಗಿ ಮುದ್ದೇನ ಹಸೂಗೆ ಹಾಕಿಬಂದೆ.

ಕಳೆದ ವಾರ ರತ್ನಮ್ಮ ಫೋನ್ ಮಾಡಿದ್ಲು. 'ಅಣ್ಣಾ, ದಿಮ್ಮಿ ಬಾಯಿ ಬಿಡ್ತಾ ಐತೆ. ಸಗಣಿ ಮೆತ್ತಿ ಮೆತ್ತಿ ನನಗೂ ಸಾಕಾಯ್ತು. ಸೀಳು ನಡುಮಧ್ಯಕ್ಕೆ ಹೋದ್ರೆ ಬಾಗಿಲಿಗೆ ಅಗಲ ಹಲಗೆ ಬರಲ್ಲ ಅಂತ ನೀವೇ ಅಲ್ವಾ ಅಂತಿದ್ದಿದ್ದು?' ಸೊಂಟ ನೋವು ಅಂದೆ. 'ಹೌದಾ' ಅಂದ್ಲು. ಮಾರನೇ ದಿನ ಮತ್ತೆ ಮಾಡಿದ್ಲು. ಹಸು ಈಯೋದೈತೆ ಅಂದೆ. 'ಹಸೂಗೆ ಸೊಂಟ ನೋವು ಬಂದೈತಾ?' ಅಂತ ಕೇಳಿದ್ಲು. ನಿನ್ನ ಜೊತೆ ಬಾಳಿದೋಳು, ಬಾಯಿ ಕಲಿಯದೆ ಇರ್ತಾಳಾ? 'ಬೇರೆ ಯಾರನ್ನಾದ್ರೂ ಕರೆಸಿ ಕೊಯ್ಸು ತಾಯಿ' ಅಂದೆ. 'ಬೇರೆಯೋರು ಕೊಯ್ದ ಬಾಗಿಲು ಹಾಕ್ಕೊಂಡು ನಾನು ಒಳಗೆ ಹೆಂಗೆ ಮಲಗ್ಲಿ ಅಣ್ಣಾ?' ಅಂದ್ಲು. ಹೊರಟೆ.

ಮಿಷಿನ್ ಗೋಣಿಯಿಂದ ತೆಗೆದು, ಅರ ಹಾಕಿ ಚೈನಿನ ಹಲ್ಲು ಚೂಪು ಮಾಡ್ಕೊಂಡು ನಿಮ್ಮನೆ ಮುಂದೆ ನಿಂತೆ. ಸಗಣಿ ಕೆರೆದು ನೋಡಿದ್ರೆ ಸೀಳು ಇನ್ನೂ ಒಳಕ್ಕೆ ಇಳಿದಿರಲಿಲ್ಲ. ನಿನ್ನ ಅದೃಷ್ಟ. ದಾರಕ್ಕೆ ತೂಕದಗುಂಡು ಕಟ್ಟಿ ಇಳಿಬಿಟ್ಟು ಎರಡೂ ತುದಿಗೆ ಗುರುತು ಮಾಡಿದೆ, ದಾರ ಜಾಜಿಗೆ ಅದ್ದಿದೆ, ಜೇಬಿಂದ ಮೊಳೆ ತೆಗೆದೆ. ಸುತ್ತಿಗೆ ಎತ್ತಿದ್ದೆ ಅಷ್ಟೇ.

'ಮೊಳೆ ಯಾಕಣ್ಣಾ? ನಾನಿಲ್ವಾ?' ಅಂತ ರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಆ ಕಡೆ ಹೋಗಿ ಕೂತ್ಲು. ನಿನ್ನಂಗೇ, ಕುಕ್ಕರುಗಾಲಲ್ಲಿ. ಹೆಬ್ಬೆರಳಲ್ಲಿ ಒತ್ತಿ ಹಿಡಿದ್ಲು. ನಾನು ಎತ್ತಿ ಬಿಟ್ಟೆ, ಗೆರೆ ಬಿತ್ತು. ಅವಳ ಮುಂಗೈ ಮೇಲೂ ಒಂದಿಷ್ಟು ಕೆಂಪು ಸಿಡೀತು.

ಮಿಷಿನ್ ಎತ್ಕೊಂಡೆ. ಹಗ್ಗಕ್ಕೆ ಕೈ ಹಾಕಿದೆ, ಎಳೆಯಕ್ಕಾಗ್ತಿಲ್ಲ. ಸುಮ್ನೆ ನಿಂತೆ. ರತ್ನಮ್ಮ ನೋಡೋಷ್ಟು ನೋಡಿ, ಆ ಕಡೆಯಿಂದ ಅಂದ್ಲು: 'ಚಾಲು.'

ಮಿಷಿನ್ ಕೆಳಗಿಟ್ಟುಬಿಟ್ಟೆ. 'ಏನಂದೆ ತಾಯಿ? ಸಾಕು ಅಂದ್ಯಾ? ಬೇಡ್ವಾ?'

'ಏನಣ್ಣಾ ನೀವು! ಮಿಷಿನ್ ಮುಂದೆ ನಿಂತ್ಕೊಂಡು ಸಾಕು ಅಂತಾರಾ? ಮಿಷಿನ್ ಮುಂದೆ ಕನ್ನಡ, ಮುದ್ದೆ ಮುಂದೆ ತೆಲುಗು. ಮರೆತೋಯ್ತಾ?'

ದಿಮ್ಮಿ ಮೇಲೇ ಕೂತುಬಿಟ್ಟೆ ಬಾವಾ. 'ಇದು ನಿನಗೆ ಹೆಂಗೆ ಗೊತ್ತು?' ಅಂದೆ.

'ಗೊತ್ತಿಲ್ದೆ ಏನು? ಆ ಕ್ಯಾರಿಯರ್ ಕತೆ ನಮ್ಮನೇಗೆ ಬಂದೋರಿಗೆಲ್ಲ ಹೇಳ್ತಿದ್ರು. ಕ್ಯಾರಿಯರ್ ನಮ್ಮಮ್ಮ ಕೊಟ್ಟಿದ್ದು, ಮರೆಯಕ್ಕಾಗುತ್ತಾ?'

ಅಷ್ಟು ದಿನದಿಂದ ಒತ್ತಿಟ್ಟಿದ್ದೆಲ್ಲ ಆಚೆಗೆ ಬಂತು. 'ಹಂಗಾದ್ರೆ ಆಸ್ಪತ್ರೇಲಿ... ಡಾಕ್ಟರಿಗೆ ನೀನೇ ಹೇಳಿದ್ಯಲ್ಲಮ್ಮ.'

'ಹೇಳಿದೆ. ಚಾಲು ಅಂತಾರೆ ಅಂದೆ. ಸಾಕು ಅಂತಾರೆ ಅಂದ್ನಾ?' ಅಂದ್ಲು. ದಾರಾನ ಬೆರಳಿಗೆ ಸುತ್ಕೊಳ್ತಾ ನಿಧಾನಕ್ಕೆ ಹೇಳಿದ್ಲು. 'ಮೊದಲು ನಾನೂ ಸಾಕು ಅಂತಾನೇ ತಿಳ್ಕೊಂಡಿದ್ದೆ ಅಣ್ಣಾ. ಆದ್ರೆ ಹಂಗಂದಾಗೆಲ್ಲ ಎಡಗೈಲಿ ನನ್ನ ಸೆರಗು ಹಿಡ್ಕೊಂಡು ಎಳೆಯೋರು, ಬಿಡೋರು. ಮತ್ತೆ ಎಳೆಯೋರು, ಬಿಡೋರು. ಏನಪ್ಪಾ ಇದು ಅಂತ ಒಂದು ದಿನವೆಲ್ಲ ನೋಡಿದೆ. ನೀವು ಮಿಷಿನ್ ಹಗ್ಗ ಹಂಗೇ ಅಲ್ವಾ ಎಳೆಯೋದು? ಮಿಷಿನ್ ಚಾಲು ಮಾಡು ಅಂತ ಕೇಳ್ತಿದ್ರು. ಆಸ್ಪತ್ರೇಲಿ ನಾನು ಎಲ್ಲಿಂದ ತರ್ಲಿ? ಅದಕ್ಕೇ ಮನೆಗೆ ಕರ್ಕೊಂಡು ಬಂದೆ.'

ಸುತ್ಕೊಂಡಿದ್ದ ದಾರ ಬಿಚ್ಚಿ ಮತ್ತೆ ಬೆರಳಿಗೆ ಸುತ್ಕೊಂಡ್ಲು.

'ಆವತ್ತು ಸಾಯಂಕಾಲ ನೀವು ಪಕ್ಕದ ತೋಪಲ್ಲಿ ಕೊಯ್ತಿದ್ರಲ್ಲ? ಸದ್ದು ಬಂದಿದ್ದೇ ತಡ, ಕತ್ತು ಆ ಕಡೆ ತಿರುಗಿಸಿದ್ರು. ನಾನು ಬಾಗಿಲು ಪೂರ್ತಿ ತೆಗೆದಿಟ್ಟೆ. ಆಮೇಲೆ ಆ ಮಾತು ಬರಲೇ ಇಲ್ಲ. ತುಟಿ ಮಾತ್ರ ಆಡ್ತಿತ್ತು. ಸದ್ದಿಲ್ಲ, ಬರೀ ತುಟಿ. ಏನೋ ಹೇಳ್ತಾನೇ ಇದ್ರು, ಕತ್ತಲಾಗಿ ನಿಮ್ಮ ಮಿಷಿನ್ ನಿಲ್ಲೋವರೆಗೂ. ಆಮೇಲೆ ನಿದ್ದೆ ಹೋದ್ರು.'

ಅಳಬಾರದು ಅಂತಿದ್ದೆ, ಅತ್ತೆ. ದಿಮ್ಮಿ ಮೇಲೆ ಕೂತು ಎಳೇ ಮಗು ಥರ ಅತ್ತೆ. ಒಬ್ಬನೇ ಕೊಯ್ತಿದ್ದೀನಿ ಅಂದ್ಕೊಂಡಿದ್ದೆನಲ್ಲೋ ಅವತ್ತು! ಆ ಕಡೆ ಮೊಳೆ ಐತೆ, ಬೇರೆ ಯಾರೂ ಇಲ್ಲ ಅಂತ. ರತ್ನಮ್ಮ ದಾರ ಬಿಡಲಿಲ್ಲ. ಆಮೇಲೆ ಎದ್ದು ಮಿಷಿನ್ ಎತ್ಕೊಂಡು ಹಗ್ಗ ಎಳೆದೆ. ಎಷ್ಟೋ ದಿನ ಸುಮ್ಮನಿದ್ದ ಮಿಷಿನ್, ಮೊದಲನೇ ಎಳೆತಕ್ಕೇ ಚಾಲು ಆಯ್ತು.

ಹಲಸು ಬೆಣ್ಣೆಯಂಗೆ ಕೊಯ್ಸಿಕೊಂತು ಕಣೋ. ಶಾವಿಗೆ ಒತ್ತಿದಂಗೆ ಉದ್ದುದ್ದ ಎಳೆ, ಅರಿಶಿನದ ಬಣ್ಣ. ರತ್ನಮ್ಮ ಗೀರಿಗೆ ಬೆಣೆ ಸಿಕ್ಕಿಸಿದ್ಲು, ಕೊಯ್ತ ಅಡಿಗೆ ಬಂದಾಗ ಅಂಗೈ ತೋರಿಸಿದ್ಲು, ಸಮಯಕ್ಕೆ ಸರಿಯಾಗಿ. ಎಳೆಯನ್ನೆಲ್ಲ ಮಂಕರಿಗೆ ತುಂಬಿ ಒಳಗಿಟ್ಕೊಂಡ್ಲು, ಒಲೆಗೆ ಹಾಕಕ್ಕೆ ಮನಸ್ಸು ಬರಲ್ಲ ಅಂತ. ಅಕ್ಕಪಕ್ಕದ ಎರಡು ಹಲಗೆ, ಎರಡೂ ಒಂದೇ ಅಗಲ, ಜೋಡಿ ಬಾಗಿಲಿಗೆ ಸರಿಹೋಯ್ತು. ಈಗ ಒಳಗೆ ನೆರಳಲ್ಲಿ ಒಣಗ್ತಾ ನಿಂತಿವೆ. ಒಣಗಿದ ಮೇಲೆ ಆಚಾರಿ ಬಂದು ಬಾಗಿಲು ಮಾಡಿ ನಿಲ್ಲಿಸ್ತಾನೆ. 'ಮರದ ಬಾಗಿಲಾದ್ರೆ ಸದ್ದೇ ಬರಲ್ಲ, ಅಲ್ವಾ ಅಣ್ಣಾ? ತಗಡು ಬಡೀತು ಅಂದ್ರೆ ಇವರು ಬಂದ್ರು ಅಂತ ಒಲೆ ಮುಂದೇನೇ ಗೊತ್ತಾಗ್ತಿತ್ತು' ಅಂದ್ಲು.

ಇಲ್ಲೇ ನಿಮ್ಮನೆ ಜಗಲಿ ಮೇಲೆ ಕೂತು ಇದನ್ನ ಬರೀತಿದ್ದೀನಿ. ಒಳಗಿಂದ ಮುದ್ದೆ ತೊಳಸೋ ಸದ್ದು ಬರ್ತಾ ಐತೆ. ನಾಳೆ ಬೆಳಿಗ್ಗೆ ಆ ಹಳೇ ತೋಪಿಗೇ ಹೋಗ್ತೀನಿ ಬಾವಾ, ನಾವು ಮೊದಲನೇ ದಿನ ಕೊಯ್ದಿದ್ದಲ್ಲಿಗೇ. ಇನ್ನೂ ಎರಡು ಬಾದಾಮಿ ಮಾವಿನ ಮರ ಬಿದ್ದವಂತೆ. ರತ್ನಮ್ಮನಿಗೆ ಅವಳ ಕೆಲಸ ಐತೆ, ಆ ತುದಿಗೆ ಮತ್ತೆ ಮೊಳೇನೇ. ಒಬ್ಬನೇ ಇರ್ತೀನಿ, ಬೇಜಾರಾಗುತ್ತೆ, ಅದೇನೂ ಹೋಗಲ್ಲ. ಆದ್ರೆ ಹಗ್ಗ ಎಳೆಯಕ್ಕೆ ಮುಂಚೆ ಗಟ್ಟಿಯಾಗಿ ಚಾಲು ಅಂತೀನಿ, ಎಲ್ಲಿದ್ರೂ ಕತ್ತು ಈ ಕಡೆ ತಿರುಗಿಸು. ಮಿಷಿನ್ ಓಡ್ತಿರೋವರೆಗೂ ನಾನೂ ತುಟಿ ಆಡಿಸ್ತಾ ಇರ್ತೀನಿ. ನಿನಗೆ ಒಂದೂ ಕೇಳಲ್ಲ, ಗೊತ್ತು. ಆಮೇಲೆ ಏನಂತಿದ್ದೆ ಅಂತ ಮಾತ್ರ ಕೇಳಬೇಡ.

ನಿನ್ನೇ ಬೈತಿದ್ದೆ, ಬಿಡು ಬಾವಾ.